ಶನಿವಾರ ಹಾಕಿದ ಫ್ಯಾನು

"ಇದು ಹೊಸಾದಲ್ಲ!"

ಕಂಪ್ಯೂಟರಿನ ತಗಡಿನ ಮುಚ್ಚಳ ತೆಗೆದ ಕರೆಂಟಿನ ಮಿಸ್ತ್ರಿ ಬಾಬುಮಿಯಾ ಕೂಗಿದರು. ಶನಿವಾರ ತಾವೇ ಕೂಡಿಸಿದ್ದ ಹೊಸ ಫ್ಯಾನು ಒಳಗಿರಲಿಲ್ಲ. ಆ ಜಾಗದಲ್ಲಿ, ತಾವೇ ಬಿಚ್ಚಿ ಕಿಟಕಿಯ ಮೇಲಿಟ್ಟಿದ್ದ ಸತ್ತ ಫ್ಯಾನು ಕೂತಿತ್ತು— ಸ್ಕ್ರೂ ಸಮೇತ.

ಎಂಬತ್ತೇಳರ ಬೇಸಿಗೆ. ಶಹಾಬಾದಿನಲ್ಲಿ, ನೆಲಕ್ಕೆ ಹಾಸುವ ಪರಸಿ ಕಲ್ಲು ಮಾರುವ ಅಂಬರಾಯ ಸಾಹುಕಾರರ ಆಫೀಸು. ಕಂಪ್ಯೂಟರು ಹೈದರಾಬಾದಿನಿಂದ ತಂದ ಹಳೆಯದು; ಆದರೂ ಆ ಬಜಾರಿಗೆ ಮೊದಲನೆಯದು. ಚಪ್ಪಲಿ ಬಿಟ್ಟೇ ಅದರ ಕೋಣೆಗೆ ಹೋಗಬೇಕು. ಅದನ್ನು ನಡೆಸುವವಳು ಶಹರಬಾನು. ಗುಲಬರ್ಗಾದಲ್ಲಿ ಕಲಿತು ಬಂದವಳು. ಸೋಮವಾರ ಬೆಳಿಗ್ಗೆ ಅವಳು ಚಾಲೂ ಮಾಡಿದ ಸ್ವಲ್ಪ ಹೊತ್ತಿಗೆ ಕಾದ ವಾಸನೆ ಬಂತು. ಪರದೆ ಕತ್ತಲಾಯಿತು.

ಪೊಲೀಸರು ಬೇಡವೆಂದು ಸಾಹುಕಾರರು ವಾಡಿಗೆ ಜೀಪು ಕಳಿಸಿದರು. ನನ್ನ ಮಾವ ಭಗವಂತರಾಯರು ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಪೊಲೀಸ್ ಜಮಾದಾರರಾಗಿದ್ದವರು. ಈಗ ಕಣ್ಣು ಮಂಜು. ಎಲ್ಲಿ ಹೋದರೂ ನನ್ನನ್ನು ಕರೆದೊಯ್ಯುತ್ತಾರೆ. ಎರಡು ವರ್ಷದ ಹಿಂದೆ, ನನ್ನ ಗಂಡ ಇರುವತನಕ, ಮಗನನ್ನು ಕರೆದೊಯ್ಯುತ್ತಿದ್ದರು.

"ಮಷೀನು ಸುಟ್ಟಿದ್ರ ಇಡೀ ಬಜಾರು ನಗ್ತದ, ಜಮಾದಾರ್ರ," ಎಂದರು ಅಂಬರಾಯ. "ಈ ಹುಡುಗಿ ಕೈಯಾಗ ಕೊಟ್ಟಿದ್ದೇ ತಪ್ಪಾತು. ಸಂಜಿತನ ಫ್ಯಾನ್ ಸಿಗಲಿಲ್ಲಂದ್ರ ನಾಳಿಂದ ಆಕಿ ಬರೂದು ಬ್ಯಾಡ. ಮುನಸಿ ಸೂರ್ಯಕಾಂತನ ಅಳಿಯ ಆ ಕುರ್ಚಿ ಮ್ಯಾಲ ಕುಂದ್ರತಾನ."

ಬಾಗಿಲಲ್ಲಿ ಆಗಲೇ ಜನ ಸೇರಿದ್ದರು. ಶಹರಬಾನು ತಲೆ ತಗ್ಗಿಸಲಿಲ್ಲ.

"ಕೋಣಿ ಕೀಲಿ ಯಾರ ಕೈಯಾಗಿರ್ತದ?" ಮಾವ ಕೇಳಿದರು.

"ಒಂದು ನನ್ನ ಕೈಯಾಗ. ಇನ್ನೊಂದು ಹಿಂದ ಸಾಹುಕಾರ್ರ ಮನ್ಯಾಗ, ಗೂಟಕ್ಕ," ಎಂದಳು ಶಹರಬಾನು.

"ಶನಿವಾರ ಕಡೀಕ ಹೋದವರು?"

"ನಾನೇರಿ."

"ಆವಾಗ ಫ್ಯಾನ್ ತಿರುಗಾಕತ್ತಿತ್ತೇನು?"

"ಹಿಂದ ಕೈ ಹಿಡದು ನೋಡೀನಿ. ಗಾಳಿ ಬರಾಕತ್ತಿತ್ತು. ನನ್ನ ಕಳ್ಳಿ ಅಂತ ಕೇಳಾಕತ್ತೀರೋ, ಸಾಕ್ಷಿ ಅಂತ ಕೇಳಾಕತ್ತೀರೋ? ಅದನ್ನ ಮೊದಲ ಹೇಳ್ರಿ."

ಮಾವ ನಕ್ಕರು. "ಅದನ್ನ ತಿಳಕೊಳ್ಳಾಕೇ ಬಂದೀನಿ, ಅವ್ವಾ."

ಲೆಕ್ಕ ಬರೆಯುವ ಮುನಸಿ ಸೂರ್ಯಕಾಂತ ನಡುವೆ ಬಾಯಿ ಹಾಕಿದ. "ನಾ ಆ ಕೋಣ್ಯಾಗ ಕಾಲೇ ಇಡಂಗಿಲ್ರಿ. ಬಾಬುಮಿಯಾ ಹೊಸಾದು ಹಾಕಿದ್ರೋ ಇಲ್ಲೋ, ಅದನ್ನ ಕೇಳ್ರಿ."

"ಅರೇ ಮುನಸಿ!" ಬಾಬುಮಿಯಾ ಸಿಡಿದರು. "ನಿಜಾಮನ ಕಾಲದ ಪಂಖಾ ನನ್ನ ಕೈಯಾಗ ತಿರಗ್ಯಾವ. ಇದೊಂದು ಅಂಗೈ ಅಗಲದ ಫ್ಯಾನ್ ಕದ್ದು ನಾ ಏನು ಗಾಳಿ ಹಾಕ್ಕೊಳ್ಳಲಿ— ನಿನ್ನ ಬೋಳು ತಲಿಗೇನು?"

ಬಾಗಿಲಲ್ಲಿದ್ದವರು ನಕ್ಕರು. ಮಾವ ಸತ್ತ ಫ್ಯಾನನ್ನು ನನ್ನ ಕೈಗಿಟ್ಟರು.

"ಏನು ಕಾಣ್ತದ?"

ಬಿಳಿ ಧೂಳು. ರೆಕ್ಕೆಗಳ ನಡುವಿನ ಗುಂಡನೆಯ ಉಬ್ಬಿನ ಮೇಲೆ ಒಂದು ಕೆಂಪು ಬೊಟ್ಟು.

"ಕುಂಕುಮ," ಎಂದೆ.

"ದಸರಾದ್ದು," ಎಂದರು ಅಂಬರಾಯ. "ಆಯುಧಪೂಜಿಗೆ ಎಲ್ಲಾಕೂ ಹಚ್ಚತೀವಲ್ಲ."

ಎಲ್ಲರೂ ತಲೆಯಾಡಿಸಿ ಆ ಮಾತು ಬಿಟ್ಟರು. ನಾನು ಬಿಡಲಿಲ್ಲ. ಎರಡು ವರ್ಷದಿಂದ ಕುಂಕುಮ ನನ್ನ ಕಣ್ಣಿಗೆ ಬೇಗ ಬೀಳುತ್ತದೆ. ಕಂಡದ್ದನ್ನು ಮಾವನ ಕಿವಿಯಲ್ಲಿ ಹೇಳಿದೆ.

ಅವರು ಅಂಬರಾಯರ ಕಡೆ ತಿರುಗಿದರು.

"ಸಾಹುಕಾರ್ರ, ನಿಮ್ಮ ಮನ್ಯಾಗ ವಾರ, ತಿಥಿ ನೋಡೋರು ಯಾರು?"

"ನಮ್ಮವ್ವ, ಅನಸುಬಾಯಿ. ಯಾಕ?"

"ಕರೀರಿ. ಅವರು ಬರೂದ್ರಾಗ ಒಂದು ಮಾತು. ದಸರಾ ಹೋಗಿ ಆರು ತಿಂಗಳಾತು. ಶಹಾಬಾದದ ಕಲ್ಲಿನ ಧೂಳು ವಾರದಾಗ ಎಲ್ಲಾ ಮುಚ್ಚತದ. ಇದು ದಸರಾ ಕುಂಕುಮ ಆಗಿದ್ರ ಧೂಳಿನ ಕೆಳಗಿರಬೇಕಿತ್ತು. ಇದು ಧೂಳಿನ ಮ್ಯಾಲ ಅದ! ಮೊನ್ನೆ ಹಚ್ಚಿದ್ದು. ಕಳ್ಳ ಎಲ್ಲರೆ ಕುಂಕುಮ ಹಚ್ಚಿ ಕದೀತಾನೇನು? ಇದು ಕಳವಲ್ಲ, ಪೂಜಿ. ಹೊಸ ಕಬ್ಬಿಣ ಯಾವ ವಾರ ತರಬಾರದು?"

ಅಂಬರಾಯರ ದನಿ ಇಳಿಯಿತು. "ಶನಿವಾರ…"

"ಗೊತ್ತಿದ್ದೂ ತರಸೀಯಲ್ಲ!" ಬಾಗಿಲಿನ ಜನರನ್ನು ಸರಿಸಿಕೊಂಡು ಅನಸುಬಾಯಿ ಒಳಬಂದರು. "ಫ್ಯಾನೇನು? ದೇವರ ಜಗಲಿ ಮ್ಯಾಲ ಅದ. ನಾನೇ ತಗಸೀನಿ. ಜಾಗಾ ಖಾಲಿ ಬಿಡಬಾರದಂತ ಹಳೇದಕ್ಕ ಕುಂಕುಮ ಹಚ್ಚಿ ಕೂಡಸಂದೆ. ಇವತ್ತ ಪೂಜಿ ಮಾಡಿ ಹೊಸಾದು ಹಾಕಸೂದಿತ್ತು."

"ನನಗ ಹೇಳಬಾರದಿತ್ತೇನವ್ವಾ?"

"ನೀ ಚಿಂಚೋಳಿಗೆ ಹೋಗಿದ್ದಿ. ಬಂದ ಮ್ಯಾಲ ಯಾರು ನನ್ನ ಕೇಳಿದ್ರು? ಪೂಜಿ ಆಗೂತನ ಮಷೀನ್ ಚಾಲೂ ಮಾಡಬ್ಯಾಡ ಅಂತ ಹುಡುಗಿಗೆ ಹೇಳು ಅಂತ ಮುನಸಿಗೆ ಹೇಳಿದ್ನಲ್ಲ. ಬಿಚ್ಚಿದವನೂ ಅವನೇ."

ಎಲ್ಲರೂ ತಿರುಗಿದರು. ಸೂರ್ಯಕಾಂತ ತನ್ನ ಪಾದ ನೋಡುತ್ತ ನಿಂತಿದ್ದ.

"ಕಾಲೇ ಇಡಂಗಿಲ್ಲ ಅಂದ್ರಲ್ಲ, ಮುನಸ್ಯಾರ?" ಎಂದರು ಮಾವ. "ಹಿರಿಯರು ಹೇಳಿದ್ರು, ಬಿಚ್ಚಿದ್ರಿ. ಅದು ತಪ್ಪಲ್ಲ. ಹುಡುಗಿಗೆ ಹೇಳಲಿಲ್ಲ— ಅದು ತಪ್ಪು. ಮಷೀನು ಕಾಯಲಿ, ಆಕಿ ಹೋಗಲಿ, ಅಳಿಯ ಕುಂದ್ರಲಿ ಅಂತ. ಹೌದೋ ಅಲ್ಲೋ?"

ಸೂರ್ಯಕಾಂತ ಬಾಗಿಲಿನ ಜನರ ನಡುವೆ ಹಿಂದೆ ಸರಿದ.

ಅಕ್ಷತೆ ಅಂಟಿದ ಹೊಸ ಫ್ಯಾನು ಬಂತು. ಬಾಬುಮಿಯಾ ಸ್ಕ್ರೂ ತಿರುಗಿಸುವ ಪೇಚಕಸ ಎತ್ತಿಕೊಂಡರು. ಶಹರಬಾನು ಕೈ ಚಾಚಿದಳು.

"ಕೊಡ್ರಿ ಚಾಚಾ. ನೀವು ಹಾಕಿದ್ದು ನೋಡೀನಿ. ಈ ಸಲ ನಾನೇ ಕೂಡಸ್ತೀನಿ."

ಅಕ್ಕಿಕಾಳು ಊದಿ ತೆಗೆದಳು. ಫ್ಯಾನು ಕೂಡಿಸಿದಳು. ತಂತಿ ಸಿಕ್ಕಿಸಿ ಮುಚ್ಚಳ ಹಾಕಿದಳು. ಆದರೆ ಕುರ್ಚಿಯ ಮೇಲೆ ಕೂರಲಿಲ್ಲ.

"ಸಾಹುಕಾರ್ರ, ಎಲ್ಲಾರ ಮುಂದ ಅಂದ ಮಾತು ಎಲ್ಲಾರ ಮುಂದ ವಾಪಸ್ ತಗೋರಿ."

ಅಂಬರಾಯರು ತಾಯಿಯತ್ತ ನೋಡಿದರು.

"ನನ್ನ ಮಾರಿ ಏನು ನೋಡತಿ? ತಗೋ," ಎಂದರು ಅನಸುಬಾಯಿ.

"ತಗೊಂಡೀನಿ, ಅವ್ವಾ," ಎಂದು ಅಂಬರಾಯರು ಶಹರಬಾನುವಿನ ಕಡೆ ತಿರುಗಿದರು. "ತಪ್ಪು ನಂದು. ಈ ಕುರ್ಚಿ ನಿಂದು."

ಶಹರಬಾನು ಕೂತಳು. ಗುಂಡಿ ಒತ್ತಿದಳು. ಸಣ್ಣ ಗುಂಯ್ ಸದ್ದು. ಪರದೆಯ ಮೇಲೆ ಹಸಿರು ಅಕ್ಷರಗಳು ಏರಿದವು. ಅನಸುಬಾಯಿ ಕಂಪ್ಯೂಟರಿನ ಹಿಂದೆ ಅಂಗೈ ಹಿಡಿದು ಬಜಾರಿಗೆ ಕೇಳುವಂತೆ ಕೂಗಿದರು:

"ಗಾಳಿ ಬರಾಕತ್ತದ! ನಮ್ಮ ಹುಡುಗಿ ಕೂಡಸಿದ್ದು!"

ಜೀಪಿನವರೆಗೆ ಅಂಬರಾಯರು ಬಂದರು. "ಕಣ್ಣು ಮಂಜಾಗ್ಯಾವ ಅಂತಾರ. ಭಾಳ ಚುರುಕದಾವಲ್ರಿ, ಜಮಾದಾರ್ರ!"

"ಕಣ್ಣು ನಂದಲ್ರಿ," ಎಂದರು ಮಾವ. "ನನ್ನ ಸೊಸೀದು."

ವಾಡಿ ಮುಟ್ಟುವವರೆಗೆ ಅವರು ಬೆನ್ನು ನೆಟ್ಟಗಿಟ್ಟುಕೊಂಡೇ ಕೂತಿದ್ದರು.