ಬಾಯಲ್ಲಿ ಅರ್ಧ ಗೇರ್

ಪ್ರೆಸ್ ಇಳಿಯುತ್ತಿತ್ತು!

ಗುಜರಿ ಕಾರುಗಳನ್ನು ಚಪ್ಪಟೆ ಮಾಡುವ ಕಬ್ಬಿಣದ ಪ್ರೆಸ್. ಅದರಡಿ ತುಕ್ಕು ಹಿಡಿದ ಒಂದು ಹಳೇ ಕಾರು. ಅದರ ಬಾನೆಟ್ಟಿನೊಳಗೆ ಸೊಂಟದ ತನಕ ನಾನು!

ತಗಡು ಕಿರ್ರೆಂದಿತು. ಗಾಜು ಪಟಪಟನೆ ಒಡೆಯಿತು... ಹೊರಗೆ ಯಾರೋ ನಕ್ಕರು.

ಉಳಿ ಇಟ್ಟು ಇನ್ನೊಂದು ಏಟು ಹಾಕಿದೆ. ಟಣ್! ಗೇರ್ ಕೈಗೆ ಬಂತು.

ಅರ್ಧ ಮಾತ್ರ.

ಉರುಳಿ ಹೊರಬಿದ್ದೆ. ನನ್ನ ಹಿಂದೆಯೇ ಕಾರು ಅಪ್ಪಚ್ಚಿಯಾಯಿತು.

ಹಳೇ ಕಾರುಗಳಿಗೆ ಬಿಡಿಭಾಗ ಹುಡುಕುವುದು ನನ್ನ ಕಸುಬು. ಸಿಗದಿದ್ದರೆ ಮಾಡಿಸಿ ಕೊಡುತ್ತೇನೆ. ಈ ಸಲದ ಗಿರಾಕಿ ನನ್ನ ಅತ್ತಿಗೆ. ನೆಲಮಾಳಿಗೆಯ ಒಂದು ಶೆಡ್ಡಿನಲ್ಲಿ ಅಣ್ಣ ಹನ್ನೊಂದು ವರ್ಷ ಒಂದೇ ಕಾರಿಗೆ ಜೀವ ತೇಯ್ದ. ಇಂಜಿನ್ನಿಗೆ ಇನ್ನೊಂದೇ ಪಾರ್ಟ್ ಬಾಕಿ ಎನ್ನುವಾಗ ಅವನ ಎದೆಯೇ ನಿಂತುಹೋಯಿತು. ಆ ಪಾರ್ಟ್, ಡಿಸ್ಟ್ರಿಬ್ಯೂಟರ್ ತಿರುಗಿಸುವ ಕಂಚಿನ ಗೇರ್. ಬಿಸ್ಕತ್ತಿನಷ್ಟು ಅಗಲ. ಅದಿಲ್ಲದಿದ್ದರೆ ಕಿಡಿ ಇಲ್ಲ. ಕಿಡಿ ಇಲ್ಲದಿದ್ದರೆ ಅದು ಎರಡು ಟನ್ ಕಬ್ಬಿಣ, ಅಷ್ಟೆ.

ಆ ಕಾರಿನ ಮೇಲೆ ಬಿಳಿ ಗ್ಲೌಸ್ ಕಣ್ಣು ಹಾಕಿದ್ದ. ಹಳೇ ಕಾರು ಕೂಡಿಹಾಕುವ ಸಾಹುಕಾರ. ಕಾರು ಮುಟ್ಟಲು ಬಿಳಿ ಗ್ಲೌಸ್ ಹಾಕುತ್ತಾನೆ. ಮನುಷ್ಯರನ್ನು ಮುಟ್ಟಲು ಆಳುಗಳನ್ನು ಇಟ್ಟಿದ್ದಾನೆ! ಅತ್ತಿಗೆ ಮಾರೋದಿಲ್ಲ ಎಂದಾಗ ಶೆಡ್ ಇದ್ದ ಕಟ್ಟಡವನ್ನೇ ಕೊಂಡ. ಆ ಮಾಡೆಲ್‌ನ ಬಿಡಿಭಾಗ ಎಲ್ಲೆಲ್ಲಿತ್ತೋ ಎಲ್ಲ ಬಾಚಿಕೊಂಡ. ಉಳಿದದ್ದು ಗುಜರಿಯ ಆ ಒಂದೇ ಕಾರು. ಕಾರು ಎಳೆದೊಯ್ಯದಂತೆ ಟೋ ಗಾಡಿಯವರನ್ನು ಹೆದರಿಸಿಟ್ಟ. ಆಮೇಲೆ ನೋಟೀಸು ಬಂತು. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಜಾಗ ಖಾಲಿ. ಒಳಗೆ ಉಳಿದದ್ದೆಲ್ಲ ಮಾಲೀಕನದು.

ಅಂದೇ ಶನಿವಾರ. ಬೆಳಿಗ್ಗೆ ಎಂಟು.

ಪ್ರೆಸ್ ಚಾಲೂ ಮಾಡಿದವರು ಅವನ ಇಬ್ಬರು ಆಳುಗಳು. ದಪ್ಪಗಿದ್ದವನು ಡ್ರಮ್ಮು. ಸಣ್ಣಗಿದ್ದವನು ಕಡ್ಡಿ. ನನ್ನ ಜೇಬು, ಕಾಲುಚೀಲ, ಎಲ್ಲ ತಡಕಿದರು.

“ಗೇರ್ ಎಲ್ಲೋ?” ಎಂದ ಕಡ್ಡಿ.

ನಾನು ತುಟಿ ಬಿಗಿಹಿಡಿದು ತಲೆ ಅಲ್ಲಾಡಿಸಿದೆ.

ಡ್ರಮ್ಮು ದವಡೆಗೆ ಗುದ್ದಿದ. “ಬಾಯಿ ಬಿಡ್ತೀಯೋ ಇಲ್ವೋ?”

ಹೇಗೆ ಬಿಡಲಿ, ನೀವೇ ಹೇಳಿ! ಗೇರ್ ಬಾಯಲ್ಲೇ ಇತ್ತು!

ಇನ್ನೊಂದು ಗುದ್ದು ಬಿತ್ತು. ಬಾಯೊಳಗೆ ಏನೋ ಕಳಚಿಕೊಂಡಿತು... ನಾನು ತಲೆಯಿಂದ ಕಡ್ಡಿಯ ಹೊಟ್ಟೆಗೆ ಗುಮ್ಮಿದೆ. ಡ್ರಮ್ಮಿನ ಕಾಲಿನ ಮೇಲೆ ಒಂದು ಹಳೇ ಚಕ್ರ ಬೀಳಿಸಿದೆ. ಕಾಂಪೌಂಡ್ ಹಾರಿದೆ. ಹೊರಡುತ್ತಿದ್ದ ಲಾರಿಯ ಹಿಂಬದಿಗೆ ಜೋತುಬಿದ್ದೆ!

ಇಳಿದದ್ದು ಟರ್ನರಕ್ಕನ ವರ್ಕ್‌ಶಾಪ್ ಎದುರು. ಅರವತ್ತರ ಹೆಂಗಸು. ನಲವತ್ತು ವರ್ಷದಿಂದ ಲೋಹ ಕಡೆಯುವವಳು. ಅವಳ ಮೇಜಿನ ಮೇಲೆ ಉಗುಳಿದೆ.

ಅವಳು ಕನ್ನಡಕ ಮೂಗಿಗೆ ಇಳಿಸಿ ಎಣಿಸಿದಳು. “ಗೇರಿಂದು ಎಂಟು ಹಲ್ಲು... ಇದೊಂದು ನಿಂದಾ?”

“ನಂದೇ ಅಕ್ಕ. ಅದು ಬೇಡ. ಗೇರ್ ಮಾಡ್ಕೊಡು.”

“ಪೂರ್ತಿ ಗೇರಿಗೆ ಹದಿನಾರು ಹಲ್ಲೋ, ಹದಿನೇಳೋ? ಒಂದು ತಪ್ಪಿದ್ರೂ ಇಂಜಿನ್ ನುಂಗಿಹಾಕುತ್ತೆ.”

ಕಾಗದದ ಮೇಲೆ ವೃತ್ತ ಬರೆದಳು. ಅಳೆದಳು. ಮತ್ತೆ ಅಳೆದಳು.

“ಹದಿನೇಳು!”

ಕಂಚಿನ ತುಂಡು ಮೆಷಿನ್ ಏರಿತು. ಆಗ ನನ್ನ ಫೋನು ಬಡಿದುಕೊಂಡಿತು. ಬಿಳಿ ಗ್ಲೌಸ್!

“ಅರ್ಧ ಗೇರ್ ಇಟ್ಕೊಂಡು ಏನಯ್ಯಾ ಮಾಡ್ತೀಯಾ?”

“ಉಳಿದರ್ಧ ಮಾಡ್ತೀನಿ!”

ಫೋನು ಇಟ್ಟ. ಹದಿನಾಲ್ಕನೇ ಹಲ್ಲು ಮುಗಿಯುತ್ತಿದ್ದಂತೆ ಕರೆಂಟ್ ಹೋಯಿತು. ಕಿಟಕಿಯಲ್ಲಿ ಇಣುಕಿದೆ. ಮೀಟರ್ ಪೆಟ್ಟಿಗೆಯ ಪಕ್ಕ ಡ್ರಮ್ಮು ಕುಂಟುತ್ತಾ ನಿಂತಿದ್ದ. ಕೈಯಲ್ಲಿ ಫ್ಯೂಸು! ಕಡ್ಡಿ ಬಾಗಿಲು ಒದೆಯುತ್ತಿದ್ದ.

“ಅಕ್ಕಾ, ಹನ್ನೊಂದಾಯ್ತು...”

“ನಮ್ಮಪ್ಪ ಈ ಕೆಲಸ ಕಲಿಸಿದಾಗ ಕರೆಂಟೇ ಇರ್ಲಿಲ್ಲ,” ಎಂದಳು. “ಅಗುಳಿ ಹಾಕು. ಮೆಷಿನ್ ಬೆಲ್ಟ್ ಕೈಯಲ್ಲೇ ಎಳಿ. ಒಂದೇ ಸಮ ಎಳೀಬೇಕು. ಗಕ್ಕನೆ ಜಗ್ಗಿದ್ರೆ ನಿನ್ನ ಇನ್ನೊಂದು ಹಲ್ಲೂ ಕಿತ್ತೇನು!”

ಎಳೆದೆ. ಅಂಗೈ ಸುಲಿಯಿತು. ಬಾಗಿಲಿನ ಹಲಗೆ ಸೀಳುತ್ತಿತ್ತು. ಅವಳು ತಲೆ ಎತ್ತಲಿಲ್ಲ. ಹದಿನೈದು... ಹದಿನಾರು... ಹದಿನೇಳು!

ಗೇರ್ ಇನ್ನೂ ಬಿಸಿ ಇತ್ತು. ಹಿಂದಿನ ಕಿಟಕಿಯಿಂದ ಧುಮುಕಿದೆ. ನನ್ನ ಹಿಂದೆ ಟರ್ನರಕ್ಕನ ದನಿ ಕೇಳಿಸಿತು. “ಬನ್ರೋ ಒಳಗೆ! ಯಾರ ಬೆರಳನ್ನ ಮೊದಲು ಅಳೆದು ಕಡೀಲಿ?” ಯಾರೂ ಒಳಗೆ ಬಂದ ಸದ್ದು ಕೇಳಿಸಲಿಲ್ಲ.

ಹನ್ನೊಂದೂ ನಲವತ್ತೆಂಟಕ್ಕೆ ಅಣ್ಣನ ಶೆಡ್ಡಿನಲ್ಲಿ ಗೇರ್ ಕೂಡಿಸಿದೆ. ಅತ್ತಿಗೆ ಸ್ಟೀರಿಂಗ್ ಹಿಡಿದು ಕೂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

ಮುಂದೆ ನಿಂತು ಹ್ಯಾಂಡಲ್ ತಿರುಗಿಸಿದೆ. ಏನೂ ಇಲ್ಲ.

ಮತ್ತೆ ತಿರುಗಿಸಿದೆ. ಒಂದು ಕೆಮ್ಮು...

“ನಿಮ್ಮಣ್ಣ ಹೀಗೇ ಕಣೋ,” ಎಂದಳು ಅತ್ತಿಗೆ. “ಮೂರು ಸಲ ಕರೆದ್ರೇನೇ ಏಳ್ತಿದ್ದಿದ್ದು.”

ಮೂರನೇ ಸಲ ಇಡೀ ನೆಲಮಾಳಿಗೆ ಗುಡುಗಿತು! ಅತ್ತಿಗೆ ಅಳುತ್ತಲೇ ಗೇರ್ ಹಾಕಿದಳು. ನಾನು ಫುಟ್‌ಬೋರ್ಡಿಗೆ ಹಾರಿದೆ. ಕಾರು ಕಡಿದಾದ ರ‍್ಯಾಂಪ್ ಏರತೊಡಗಿತು.

ಮೇಲುಗಡೆ ಗೇಟಿನ ನಟ್ಟನಡುವೆ ಬಿಳಿ ಗ್ಲೌಸ್ ಕೈ ಅಗಲಿಸಿ ನಿಂತಿದ್ದ.

“ನಿಲ್ಸಮ್ಮಾ! ಅಲ್ಲೇ ನಿಲ್ಸು! ಮಾತಾಡೋಣ...”

ಅತ್ತಿಗೆ ಕಿಟಕಿಯಿಂದ ತಲೆ ಹೊರಹಾಕಿದಳು.

“ನಿಲ್ಸೋಕಾಗಲ್ಲ ಸಾರ್... ಬ್ರೇಕಿನ ಸಾಮಾನೆಲ್ಲ ನೀವೇ ತಗೊಂಡಿದ್ದೀರಲ್ಲಾ!”