ಚಾಕ್‌ಪೀಸಿನ ಹೆಸರು

“ಆಯ್ತು ಫೋನಜ್ಜಿ, ಪಾಪುಗೆ ನಿನ್ನ ಹೆಸರೇ ಇಡೋಣ,” ಎಂದುಬಿಟ್ಟಳು ಬುಗುರಿ.

ಹೇಳಿದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು. ಬೆಳಿಗ್ಗೆ ತಲೆ ಬಾಚಿಸಿಕೊಳ್ಳುವಾಗ ಇದೇ ಮಾತನ್ನು ಮನೆಯಜ್ಜಿಗೂ ಕೊಟ್ಟಾಗಿತ್ತು.

ಮನೆಯಜ್ಜಿ ಅಂದರೆ ಅಪ್ಪನ ಅಮ್ಮ. ಬುಗುರಿ ಹುಟ್ಟುವುದಕ್ಕೂ ಮೊದಲಿನಿಂದ ಈ ಮನೆಯಲ್ಲೇ ಇರುವವಳು. ಫೋನಜ್ಜಿ ಅಮ್ಮನ ಅಮ್ಮ, ಹೊಸ ಪಾಪುವನ್ನು ನೋಡಿಕೊಳ್ಳಲು ಬಂದವಳು. ಅವಳ ಇಬ್ಬರು ಅಕ್ಕಂದಿರು ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಿದ್ದರು. ಅವಳು ಸ್ಪೀಕರ್ ಹಾಕಿಯೇ ಮಾತಾಡುತ್ತಿದ್ದಳು. ಹಾಗಾಗಿ ಅವರ ಮನೆಯ ಜಗಳವೆಲ್ಲ ಇವರ ಬೀದಿಗೂ ಗೊತ್ತಿತ್ತು.

ಪಾಪುವಿಗೆ ಇಬ್ಬರು ಅಜ್ಜಿಯರಲ್ಲಿ ಒಬ್ಬರ ಹೆಸರು ಇಡುವುದೆಂದು ಅಪ್ಪ ಅಮ್ಮ ತೀರ್ಮಾನಿಸಿದ್ದರು. ಯಾರ ಹೆಸರು ಎಂದು ಕೇಳಿದರೆ ಮಾತ್ರ ಅಪ್ಪನಿಗೆ ಥಟ್ಟನೆ ಕೆಲಸ ನೆನಪಾಗುತ್ತಿತ್ತು, ಅಮ್ಮನಿಗೆ ಆಕಳಿಕೆ ಬರುತ್ತಿತ್ತು. ಕೊನೆಗೆ ಅಪ್ಪ, “ಅಕ್ಕ ಆದವಳು ನೀನು. ನೀನೇ ಆರಿಸು,” ಎಂದು ಬುಗುರಿಯ ತಲೆ ಸವರಿ ಪಾರಾದ.

ಬುಗುರಿಗೆ ಹೆಮ್ಮೆಯೋ ಹೆಮ್ಮೆ. ಆದರೆ ಅವಳಿಗೆ ಒಂದು ಜಾಗದಲ್ಲಿ ನಿಲ್ಲಲು ಬರುವುದಿಲ್ಲ, ಅದಕ್ಕೇ ಆ ಅಡ್ಡಹೆಸರು. ಅವಳ ನಾಲಿಗೆಯೂ ಅವಳಂತೆಯೇ.

“ನನ್ನ ಹೆಸರು ಬೇಡ ಬಿಡೇ, ಹಳೇ ಕಾಲದ್ದು,” ಎಂದಿದ್ದಳು ಮನೆಯಜ್ಜಿ. ಹಾಗೆನ್ನುವಾಗ ಬಾಚಣಿಗೆ ಕೂದಲಲ್ಲೇ ನಿಂತುಬಿಟ್ಟಿತ್ತು. ಅದು ಗೊತ್ತಾಗಿ ಬುಗುರಿ “ನಿನ್ನದೇ ಅಜ್ಜಿ!” ಎಂದಿದ್ದಳು.

ಫೋನಜ್ಜಿಯದು ನೇರ ದಾರಿ. “ನನ್ನದು ರಾಣಿಯಂಥ ಹೆಸರು ಕಣೇ. ನೋಡು, ನಿನಗೆ ಬಿಟ್ಟಿದ್ದು,” ಎಂದು ಎರಡು ಬಿಸ್ಕತ್ತು ಕೈಗಿಟ್ಟಿದ್ದಳು. ಬಿಸ್ಕತ್ತು ಬಾಯಲ್ಲಿದ್ದಾಗ ಇಲ್ಲ ಅನ್ನುವುದು ಹೇಗೆ?

ಭಾನುವಾರ ಫೋನಜ್ಜಿ ಊರಿಗೆ ಹೊರಡುತ್ತಾಳೆ. ಅಷ್ಟರೊಳಗೆ ಅಪ್ಪ ತೊಟ್ಟಿಲ ಮೇಲೆ ಪಾಪುವಿನ ಹೆಸರು ಬರೆಯಬೇಕು. ಆಗ ಒಬ್ಬ ಅಜ್ಜಿ ನಗುತ್ತಾಳೆ. ಇನ್ನೊಬ್ಬಳು ಮೊಮ್ಮಗಳು ಸುಳ್ಳಿ ಅಂದುಕೊಳ್ಳುತ್ತಾಳೆ.

ಸಂಜೆ ಅವಳು ಮುಂದಿನ ಕೋಣೆಗೆ ಬಂದಳು. ಅದು ಅಪ್ಪನ ಕೆಲಸದ ಜಾಗ. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುವವನು. ಕೋಣೆಯ ತುಂಬ ಬಣ್ಣದ ಡಬ್ಬಿ, ಮೂಗು ಚುರುಗುಟ್ಟುವ ಟರ್ಪೆಂಟೈನ್ ವಾಸನೆ. ಅಪ್ಪ ಒಂದು ದೊಡ್ಡ ಹಲಗೆಯ ಮೇಲೆ ಚಾಕ್‌ಪೀಸಿನಿಂದ ಅಕ್ಷರ ಬರೆಯುತ್ತಿದ್ದ.

“ನೇರವಾಗಿ ಬಣ್ಣದಲ್ಲೇ ಯಾಕಪ್ಪಾ ಬರೆಯಲ್ಲ ನೀನು?”

“ಬಣ್ಣ ಬಿದ್ದ ಮೇಲೆ ಅಳಿಸೋಕಾಗಲ್ವಲ್ಲ ತಾಯಿ. ಮೊದಲು ಚಾಕ್‌ಪೀಸು. ಅಂಗಡಿಯವರು ಒಂದು ದಿನ ಪೂರ್ತಿ ನೋಡಲಿ. ಮನಸ್ಸಿಗೆ ಬಂದರೆ ಆಮೇಲೆ ಬಣ್ಣ.” ಅಪ್ಪ ತಗ್ಗಿದ ದನಿಯಲ್ಲಿ ಸೇರಿಸಿದ, “ಆ ಸೈಕಲ್ ರಿಪೇರಿ ಮಾವ ಇಲ್ವಾ? ಅಂಗಡಿಗೆ ಹೆಂಡತಿ ಹೆಸರು ಬರೆಸಿದ್ರು. ಮಾರನೇ ದಿನ ಅವರಮ್ಮ ಬಂದು ನೋಡಿದ್ರು. ಈಗ ಬೋರ್ಡಿನ ಮೇಲೆ ಏನಿದೆ ಹೇಳು?”

“ಬರೀ ಸೈಕಲ್ ಶಾಪ್!”

“ಹೂಂ. ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ.”

ಬುಗುರಿ ಇದ್ದಲ್ಲೇ ಒಂದು ಸುತ್ತು ತಿರುಗಿದಳು. “ಅಪ್ಪಾ, ಪಾಪುಗೂ ಹಾಗೇ ಮಾಡೋಣ! ಚಾಕ್‌ಪೀಸಲ್ಲಿ ಬರೆದು ಟ್ರಯಲ್ ನೋಡೋಣ. ನಾಳೆ ಒಬ್ಬ ಅಜ್ಜಿ ಹೆಸರು, ನಾಡಿದ್ದು ಇನ್ನೊಬ್ಬರದು. ದಿನಪೂರ್ತಿ ಎಲ್ರೂ ಅದೇ ಹೆಸರಲ್ಲಿ ಕರೀಬೇಕು.”

ಟ್ರಯಲ್ ಆದಮೇಲೆ ಏನು ಮಾಡುವುದೆಂದು ಅವಳಿಗೂ ಗೊತ್ತಿರಲಿಲ್ಲ. ಸದ್ಯಕ್ಕೆ ಎರಡು ದಿನ ಸಿಕ್ಕಿತಲ್ಲ, ಅಷ್ಟೇ ಸಾಕು.

ಮಾರನೇ ದಿನ ಶುಕ್ರವಾರ, ಶಾಲೆಗೆ ರಜೆ. ಯಾರದು ಮೊದಲು ಎಂದು ಚೀಟಿ ಎತ್ತಿದಾಗ ಮನೆಯಜ್ಜಿಯ ಹೆಸರು ಬಂತು. ಅಪ್ಪ ತೊಟ್ಟಿಲ ಮೇಲೆ ಅದನ್ನು ದುಂಡಗೆ ಬರೆದ. ಮನೆಯಜ್ಜಿ, “ನಿಮಗೆಲ್ಲ ಬೇರೆ ಕೆಲಸ ಇಲ್ಲ,” ಎಂದು ಅಡುಗೆಮನೆ ಸೇರಿಕೊಂಡಳು. ಆದರೆ ಹೋಗುವಾಗ ತಿರುಗಿ ಅಕ್ಷರಗಳನ್ನು ಒಮ್ಮೆ ನೋಡಿದಳು.

ಎಡವಟ್ಟು ಶುರುವಾದದ್ದು ಅಮ್ಮನಿಂದ. ಮದುವೆಯಾದಾಗಿನಿಂದ ಅತ್ತೆಯನ್ನು ‘ಅತ್ತೆ’ ಅಂತಲೇ ಕರೆದವಳು. ಈಗ ಆ ಹೆಸರನ್ನು ಬಾಯಿಗೆ ತರುವುದು ಹೇಗೆ? ಅದೂ ಏಕವಚನದಲ್ಲಿ?

“ಬುಗುರೀ, ಇವರು ಒದ್ದೆ ಮಾಡ್ಕೊಂಡಿದ್ದಾರೆ. ಒಂದು ಬಟ್ಟೆ ತಗೊಂಡು ಬಾ!”

“ಯಾರಮ್ಮ ಒದ್ದೆ ಮಾಡ್ಕೊಂಡಿರೋದು?”

“ಇವರೇ ಕಣೇ!” ಅಮ್ಮ ತೊಟ್ಟಿಲ ಕಡೆ ಕಣ್ಣಲ್ಲೇ ತೋರಿಸಿದಳು.

ಸ್ವಲ್ಪ ಹೊತ್ತಿಗೆ ಪಾಪು ರಚ್ಚೆ ಹಿಡಿಯಿತು. ಅಮ್ಮ ತೊಟ್ಟಿಲು ತೂಗಿ ತೂಗಿ ಸುಸ್ತಾದಳು. “ಯಾಕೆ ಹೀಗೆ ಹಟ ಮಾಡ್ತೀರಿ? ಈಗ ತಾನೇ ಹಾಲು ಕುಡಿದ್ರಲ್ಲ. ದಯವಿಟ್ಟು ಮಲಗಿ!”

ಅಪ್ಪ ನಕ್ಕೂ ನಕ್ಕೂ ಬ್ರಷ್ ಕೆಳಗೆ ಬೀಳಿಸಿದ. ಫೋನಜ್ಜಿ ಹೊಟ್ಟೆ ಹಿಡಿದುಕೊಂಡು, “ಮಗಳೇ, ಅವರಿಗೊಂದು ಕುರ್ಚಿ ಹಾಕು, ಪಾಪ, ಎಷ್ಟು ಹೊತ್ತು ಮಲಗಿರ್ತಾರೆ!” ಎಂದಳು.

“ನೀನು ಕರಿ ನೋಡೋಣ,” ಎಂದು ಅಮ್ಮ ಅಪ್ಪನಿಗೆ ಸವಾಲು ಹಾಕಿದಳು. ಅಪ್ಪ ಎದೆಯುಬ್ಬಿಸಿ ತೊಟ್ಟಿಲ ಹತ್ತಿರ ಹೋದ. ಬಾಯಿ ತೆರೆದ. ಹೆತ್ತ ತಾಯಿಯ ಹೆಸರು ಗಂಟಲಲ್ಲೇ ಸಿಕ್ಕಿಕೊಂಡಿತು. ಕೆಮ್ಮಿ ವಾಪಸು ಬಂದ.

ಬುಗುರಿಗೆ ರೇಗಿತು. “ಯಾರೂ ಕರೀತಾನೇ ಇಲ್ಲ! ಇದೆಂಥಾ ಟ್ರಯಲ್ಲು?” ಎಂದವಳೇ ತೊಟ್ಟಿಲ ಮೇಲೆ ಬಗ್ಗಿ, ಮೈದಾನದ ಆಚೆಯಿರುವ ಗೆಳತಿಯನ್ನು ಕೂಗುವಂತೆ ಆ ಹೆಸರನ್ನು ಎಳೆದು ಕೂಗಿದಳು.

“ಓ! ಬಂದೇ!”

ಅಡುಗೆಮನೆಯಿಂದ ಬಂದ ದನಿ ಯಾರದೆಂದು ಬುಗುರಿಗೆ ತಕ್ಷಣ ತಿಳಿಯಲಿಲ್ಲ. ಮನೆಯಜ್ಜಿ ಯಾವಾಗಲೂ ನಿಧಾನವಾಗಿ ಮಾತಾಡುವವಳು. ಇದು ಆಟಕ್ಕೆ ಕರೆದಾಗ ಓಗೊಡುವ ಹುಡುಗಿಯ ದನಿ. ಮರುಗಳಿಗೆ ಮನೆಯಜ್ಜಿಯೇ ಓಡೋಡಿ ಬಂದು ಬಾಗಿಲಲ್ಲಿ ನಿಂತಳು. ಎರಡೂ ಕೈಗೆ ಸೋಪಿನ ನೊರೆ, ಮುಖದ ತುಂಬ ನಗು.

ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು ಅಜ್ಜಿ ಪೆಚ್ಚಾದಳು.

“ಅಮ್ಮಾ, ಅದು ಪಾಪುನ ಕರೆದಿದ್ದು!” ಎಂದು ಅಪ್ಪ ನಕ್ಕ.

ಅಜ್ಜಿಯೂ ನಕ್ಕಳು. ಆದರೆ ಕಣ್ಣು ಒದ್ದೆಯಾಗಿತ್ತು. “ನಮ್ಮಕ್ಕ ಹೀಗೇ ಎಳೆದು ಕೂಗೋಳು. ಅವಳು ಹೋದಮೇಲೆ ಹೆಸರು ಹಿಡಿದು ಕರೆಯೋರು ಯಾರೂ ಉಳೀಲಿಲ್ಲ ನೋಡು. ಎಲ್ಲರಿಗೂ ಅಮ್ಮ, ಅತ್ತೆ, ಅಜ್ಜಿ. ನನಗೂ ಒಂದು ಹೆಸರಿದೆ ಅನ್ನೋದು ನನಗೇ ಮರೆತುಹೋಗಿತ್ತು,” ಎಂದು ಒಳಗೆ ಹೋದಳು.

ಅಮ್ಮ ತೊಟ್ಟಿಲು ತೂಗುವುದನ್ನು ನಿಲ್ಲಿಸಿದ್ದಳು. ಅಪ್ಪನ ನಗುವೂ ನಿಂತಿತ್ತು.

ಬುಗುರಿ ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕುಳಿತಳು. ಈಗ ಯಾವ ಹೆಸರೆಂದು ಅವಳಿಗೆ ಅನುಮಾನವಿರಲಿಲ್ಲ. ಆದರೆ ಫೋನಜ್ಜಿಗೆ ಕೊಟ್ಟ ಮಾತು?

ಫೋನಜ್ಜಿಯ ಫೋನು ಬಡಿದುಕೊಂಡಿತು. ಸ್ಪೀಕರಿನಲ್ಲಿ ಅವಳ ದೊಡ್ಡಕ್ಕ ಹೆಸರು ಹಿಡಿದು ಬೈಯುತ್ತಿದ್ದಳು, ಕೊಡೆ ಎಲ್ಲಿಟ್ಟು ಹೋಗಿದ್ದೀಯೇ ಎಂದು. ಮಂಗಳಾರತಿ ಮುಗಿದ ಮೇಲೆ ಫೋನಜ್ಜಿ ಬಂದು ಬುಗುರಿಯ ಪಕ್ಕ ಕುಳಿತಳು.

“ಫೋನಜ್ಜಿ, ನಾನು ಇಬ್ಬರಿಗೂ ಪ್ರಾಮಿಸ್ ಮಾಡಿಬಿಟ್ಟಿದ್ದೆ,” ಎಂದಳು ಬುಗುರಿ. ಅಳು ಬಂದೇಬಿಟ್ಟಿತು.

“ಗೊತ್ತು ಬಿಡೇ. ನನಗೆ ಹೂಂ ಅನ್ನುವಾಗಲೇ ನಿನ್ನ ಮುಖ ಹುಳ್ಳಗಾಗಿತ್ತು. ನಾಳೆ ನನ್ನ ಹೆಸರು ಬರೆಯೋದು ಬೇಡ ಅಂತ ನಿಮ್ಮಪ್ಪನಿಗೆ ಹೇಳು.”

“ನಿನಗೆ ಬೇಜಾರಿಲ್ವಾ?”

“ಯಾಕಿಲ್ಲ? ಇದೆ. ರಾಣಿಯಂಥ ಹೆಸರು!” ಫೋನಜ್ಜಿ ಸೆರಗಿನಿಂದ ಅವಳ ಮೂಗು ಒರೆಸಿದಳು. “ಆದರೆ ಹೆಸರು ಹಿಡಿದು ಬೈಯೋಕೆ ನನಗೆ ಇಬ್ಬರು ಅಕ್ಕಂದಿರಿದ್ದಾರೆ. ನನ್ನ ಹೆಸರಿಗೆ ದಿನಾ ಕೈತುಂಬ ಕೆಲಸ. ನಮ್ಮ ಬೀಗಿತ್ತಿ ಹೆಸರು ಪಾಪ ಖಾಲಿ ಕೂತಿದೆ.”

ಶನಿವಾರ ಅಪ್ಪ ಚಾಕ್‌ಪೀಸಿನ ಗೆರೆಯ ಮೇಲೆಯೇ ನೀಲಿ ಬಣ್ಣ ತುಂಬಿದ. ಭಾನುವಾರ ಫೋನಜ್ಜಿ ಬಸ್ಸು ಹತ್ತುವವರೆಗೂ ಬುಗುರಿ ಅವಳ ಕೈ ಬಿಡಲಿಲ್ಲ.

ಸೋಮವಾರ ಶಾಲೆಯಿಂದ ಬಂದ ಬುಗುರಿ ಬ್ಯಾಗು ಕೆಳಗಿಟ್ಟಳು. ತೊಟ್ಟಿಲಲ್ಲಿ ಇಣುಕಿದಳು. ಪಾಪು ಮುಷ್ಟಿ ಬಿಗಿದು ಗಾಢ ನಿದ್ದೆಯಲ್ಲಿತ್ತು. ಅವಳು ಅಲ್ಲಿಂದ ಅಡುಗೆಮನೆಯ ಗೋಡೆಯ ಹತ್ತಿರ ಹೋಗಿ ನಿಂತು, ತಂಗಿಯ ಹೆಸರನ್ನು ಎಳೆದು ಕೂಗಿದಳು.

“ಶ್! ಇವರು ಈಗಷ್ಟೇ ಮಲಗಿದ್ದಾರೆ ಕಣೇ,” ಎಂದು ಅಮ್ಮ ಮಲಗುವ ಕೋಣೆಯಿಂದ ಗದರಿದಳು. “ಮಲಗಿರೋರನ್ನ ಯಾಕೆ ಕೂಗ್ತೀಯಾ?”

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತ್ತು. ಬುಗುರಿ ಇನ್ನೊಮ್ಮೆ ಕರೆದಳು, ಈ ಸಲ ಮೆಲ್ಲಗೆ.

“ಓ,” ಎಂದಳು ಒಳಗಿನಿಂದ ಅಜ್ಜಿ.