ತಿರುವಿನಲ್ಲಿ ನಿಲ್ಲುವ ಕುರ್ಚಿ

ರೇಷ್ಮೆಗೂಡಿಗೆ ಒಳ್ಳೆಯ ರೇಟಿದ್ದ ವರ್ಷ ಕೈಲಾಂಚದಲ್ಲಿ ಮನೆ ಕಟ್ಟಿಸಿದೆ. ಕೆಳಗೆ ಹುಳು ಸಾಕಣೆ, ಮೇಲೆ ವಾಸ. ನಡುವೆ ಶೋಕಿಗಾಗಿ ಸುತ್ತು ಮೆಟ್ಟಿಲು. ಮಂಡಿನೋವಿನ ಅವ್ವ ಬೀರಮ್ಮನಿಗೆಂದು, ಮೆಟ್ಟಿಲ ಪಕ್ಕ ಹಳಿಯ ಮೇಲೆ ಓಡುವ ಕುರ್ಚಿ-ಲಿಫ್ಟ್ ನೋಡತೊಡಗಿದೆ.

"ಯಾವುದಾದ್ರೂ ಒಂದು ಹಾಕ್ಸ್‌ಬುಡ್ಲಾ" ಎನ್ನುತ್ತಿದ್ದಳು ಅವ್ವ. ತಿರುವಿಗೆ ಹೊಂದುವ ಹಳಿ, ಸೀಟಿನ ಬಣ್ಣ ಎಂದು ನಾನು ಮೂರು ತಿಂಗಳು ಆರಿಸುತ್ತಲೇ ಇದ್ದೆ. ಅಷ್ಟರಲ್ಲಿ ಅವಳು ಮೆಟ್ಟಿಲ ತಿರುವಿನಲ್ಲಿ ಜಾರಿ ಬಿದ್ದು ಸತ್ತಳು.

ಆಮೇಲೆ ಕಣ್ಣು ಕಾಣದ ಅಪ್ಪನಿಗೆಂದು ಹಾಕಿಸಿದೆ. ಖಾಲಿ ಬಿಟ್ಟರೂ ಕುರ್ಚಿ ಆ ತಿರುವಿನಲ್ಲಿ ನಿಲ್ಲುತ್ತದೆ. ಮೆಕ್ಯಾನಿಕ್ ಎರಡು ಸಲ ಬಿಚ್ಚಿ ನೋಡಿದರೂ ದೋಷ ಸಿಗಲಿಲ್ಲ. ಮುಟ್ಟಿದರೆ ಸೀಟು ಬೆಚ್ಚಗಿರುತ್ತದೆ.

ಮೊನ್ನೆ ಮಧ್ಯಾಹ್ನ ಅಪ್ಪನನ್ನು ಕೂರಿಸಲು ಹೋದೆ. ಅವನು ಸೀಟು ತಡವಿ ಕೈ ಹಿಂದಕ್ಕೆಳೆದುಕೊಂಡ.

"ಒಸಿ ತಡಿಲಾ, ನಿಮ್ಮವ್ವ ಇಳೀಲಿ" ಅಂದ.

ಬಗ್ಗಿ ನೋಡಿದೆ. ಖಾಲಿ ಸೀಟಿನ ಬೆಲ್ಟು ಹಾಕಿತ್ತು.